ಸಕ್ಕರೆ ಕಾಣದ ಕಡ್ಡಿ

ಸಕ್ಕರಕ್ಕನಿಗೆ ಬೆಳಗಿನಿಂದ ಸಿಟ್ಟಿನಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಔಷಧ ಕಾರ್ಖಾನೆಯ ದೊಡ್ಡ ತೊಟ್ಟಿಯಿಂದ ಹೊತ್ತು ಹೊತ್ತಿಗೆ ರಸ ತೆಗೆದು, ಅದರಲ್ಲಿ ಬೆಳೆಯುವ ಜೀವಕೋಶಗಳಿಗೆ ಸಕ್ಕರೆ ಸಾಲುತ್ತಿದೆಯೇ ಎಂದು ಪರೀಕ್ಷಿಸುವವಳು ಅವಳು. ಹನ್ನೊಂದು ವರ್ಷದಿಂದ ಅದೇ ಕೆಲಸ, ಅದಕ್ಕೇ ಆ ಅಡ್ಡಹೆಸರು. ಆ ಕೋಶಗಳು ಕೊಡುವ ಮದ್ದಿನಿಂದಲೇ, ಕೀಲುವಾತ ಹಿಡಿದ ಅವಳ ಅಮ್ಮನ ಬೆರಳುಗಳು ಇಂದಿಗೂ ಮಡಚುತ್ತಿದ್ದವು.

ಈಗ ಬೆಳಕಿನ ಕಡ್ಡಿ ಬಂದಿತ್ತು. ರಸದೊಳಗೆ ಬೆಳಕು ಬಿಟ್ಟು, ಚದುರಿ ಬಂದದ್ದನ್ನು ಓದಿ, ಸಕ್ಕರೆ ಎಷ್ಟಿದೆಯೆಂದು ಕ್ಷಣದಲ್ಲಿ ಹೇಳುವ ಸಾಧನ. ಅವಳಿಗೇನೂ ಹೊಟ್ಟೆಕಿಚ್ಚಿರಲಿಲ್ಲ. ಆದರೆ ಎಂಥ ಬೆಳಕು ಬಂದರೆ ಎಷ್ಟು ಸಕ್ಕರೆ ಎಂದು ಅದಕ್ಕೆ ಪಾಠ ಕಲಿಸುವ ಆರು ತಿಂಗಳನ್ನು ಮ್ಯಾನೇಜರ್ ಮೂರೇ ವಾರಕ್ಕೆ ಇಳಿಸಿ, ಮೇಲಿನವರಿಂದ ಭೇಷ್ ಅನ್ನಿಸಿಕೊಂಡಿದ್ದ. ನಾಳೆಯಿಂದ ಕಡ್ಡಿಯ ಮಾತು ಕೇಳಿ ಪಂಪು ತಾನೇ ಸಕ್ಕರೆ ಸುರಿಯುತ್ತದೆ, ಕೈಪರೀಕ್ಷೆ ಬಂದ್.

ಅವಳು ಅವನನ್ನು ಲ್ಯಾಬಿಗೆ ಕರೆದಳು. ಬೀಕರಿನಲ್ಲಿದ್ದ ತೊಟ್ಟಿಯ ರಸಕ್ಕೆ ಅದೇ ಪಾಠ ಕಲಿತ ಇನ್ನೊಂದು ಕಡ್ಡಿ ಅದ್ದಿದಳು. ಪರದೆ ಲೀಟರಿಗೆ ಎರಡು ಗ್ರಾಂ ಎಂದಿತು. ತೊಟ್ಟಿಗೆ ಹಾಕುವ ಸಕ್ಕರೆಯನ್ನೇ ಮೂರು ಚಮಚ ಕರಗಿಸಿದಳು. ಪರದೆ ಮತ್ತೆ ಎರಡು ಗ್ರಾಂ ಎಂದಿತು.

"ನೋಡಿದ್ರಾ ಸರ್? ಪಾಕಾನೇ ಇಟ್ರೂ ಇದಕ್ಕೆ ಸಪ್ಪೆ! ನೀವು ಪಾಠ ಕಲಿಸಿದ ತೊಟ್ಟಿಗಳಲ್ಲೆಲ್ಲಾ ದಿನ ಕಳೆದ ಹಾಗೆ ಸಕ್ಕರೆ ಇಳೀತಾ ಹೋಗಿತ್ತು. ಇದು ಸಕ್ಕರೆ ನೋಡೋದು ಕಲ್ತಿಲ್ಲ. ರಸ ಹಳೇದಾಯ್ತು ಅಂತ ನೋಡಿ, ಹಾಗಾದ್ರೆ ಸಕ್ಕರೆ ಕಮ್ಮಿ ಅಂತ ಬುರುಡೆ ಬಿಡ್ತಿದೆ. ನಾಳೆ ಪಂಪು ಸುರೀತಾನೇ ಇರುತ್ತೆ, ಸಕ್ಕರೆ ಹೆಚ್ಚಾಗಿ ಕೋಶ ಎಲ್ಲಾ ಸಾಯುತ್ತೆ."

ಮ್ಯಾನೇಜರ್ ಬಾಗಿಲ ಕಡೆ ನೋಡಿದ. "ಸಕ್ಕರೆ ಹಾಕಿ ನೋಡಿ ಅಂತ ನಿಮಗೆ ಯಾರು ಹೇಳಿದ್ರು?"

ಅವಳ ತಾಳ್ಮೆಯ ಕಟ್ಟೆಯೊಡೆಯಿತು. "ಯಾರು ಹೇಳ್ಬೇಕು? ಮದ್ದು ಚುಚ್ಚಿಸ್ಕೊಳ್ಳೋರು ಬಂದು ಹೇಳ್ಬೇಕಾ? ಈ ತೊಟ್ಟಿ ಹಾಳಾದ್ರೆ ಮೂರು ತಿಂಗಳು ಮದ್ದಿಲ್ಲ. ನಮ್ಮಮ್ಮ ಲೋಟ ಹಿಡಿಯೋಕಾಗ್ದೆ ಕೂತಿರ್ತಾಳೆ, ನೀವು ಭೇಷ್ ಅನ್ನಿಸ್ಕೊಳ್ತಿರಿ!"

ತೊಟ್ಟಿಯ ದಾಖಲೆ ಪುಸ್ತಕ ಎಳೆದುಕೊಂಡು ಅವಳು ಬರೆಯತೊಡಗಿದಳು. "ಬರೀಬೇಡಿ, ಬರೀಬೇಡಿ" ಎಂದ ಅವನು. ಆ ಪುಸ್ತಕದ ಹಾಳೆ ಹರಿಯುವಂತಿಲ್ಲ, ಅಳಿಸುವಂತಿಲ್ಲ. ತಪ್ಪೆನಿಸಿದರೆ ಒಂದು ಗೆರೆ ಎಳೆದು, ಕಾರಣ ಬರೆದು, ಎಳೆದವರೇ ಸಹಿ ಹಾಕಬೇಕು.

'ಕಡ್ಡಿಗೆ ಸಕ್ಕರೆ ಕಾಣುತ್ತಿಲ್ಲ. ಪಂಪಿಗೆ ಜೋಡಿಸಬಾರದು. ಮ್ಯಾನೇಜರಿಗೆ ತೋರಿಸಲಾಗಿದೆ.' ಸಹಿ ಹಾಕಿ ಪೆನ್ನನ್ನು ಅವನತ್ತ ಚಾಚಿದಳು. "ಸುಳ್ಳು ಅನ್ಸಿದ್ರೆ ಗೆರೆ ಎಳೀರಿ."

ಅವನು ಗೆರೆ ಎಳೆಯದೆ ಪೆನ್ನನ್ನು ಕೆಳಗಿಟ್ಟ. ಫೋನ್ ಎತ್ತಿದ. "ನಾಳೆ ಪಂಪು ಜೋಡಿಸ್ಬೇಡಿ." ಯಾಕೆಂದು ಆ ಕಡೆಯವರು ಕೇಳಿರಬೇಕು. "ಕಡ್ಡೀಲಿ ದೋಷ ಇದೆ. ಈಗಷ್ಟೇ ನಾನೇ ಕಂಡುಹಿಡಿದೆ."

ಸಕ್ಕರಕ್ಕ ಪುಸ್ತಕವನ್ನು ಅವನ ಮೂಗಿನ ಕೆಳಗೇ ತಳ್ಳಿದಳು.

"ಅದನ್ನೂ ಬರೀರಿ ಸರ್."