ಅಕ್ಕಯಮ್ಮನ ತೋಟಕ್ಕೆ ಬಿಟ್ಟ ಕಡಜಗಳು

ದೊಡ್ಡಬಳ್ಳಾಪುರದವರೆಗೂ ಬಸ್ಸಿನಲ್ಲಿ ಕೀರ್ತನ ತೊಡೆಯ ಮೇಲಿನ ಥರ್ಮಕೋಲ್ ಡಬ್ಬಿಯನ್ನು ಅಪ್ಪಿಕೊಂಡೇ ಕೂತಿದ್ದಳು. ಒಳಗಿನ ಗಾಜಿನ ಸೀಸೆಗಳಲ್ಲಿ ಐನೂರು ಕಡಜಗಳಿದ್ದವು. ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅವಳೇ ಸಾಕಿ ಬೆಳೆಸಿದವು. ಹಿಪ್ಪುನೇರಳೆಯ ರಸ ಹೀರುವ ಹಿಟ್ಟು ತಿಗಣೆಯ ಮೈಯೊಳಗೆ ಇವು ಮೊಟ್ಟೆಯಿಡುತ್ತವೆ. ಮರಿ ಒಳಗಿಂದಲೇ ತಿಗಣೆಯನ್ನು ತಿಂದು, ತೂತು ಕೊರೆದು ಹೊರಬರುತ್ತದೆ. ಸೀಸೆಯಲ್ಲಿ ಆದದ್ದು ತೋಟದಲ್ಲೂ ಆಗುತ್ತದೋ ಇಲ್ಲವೋ ಎಂಬುದೇ ಅವಳ ಪಿಎಚ್.ಡಿ.

ತೋಟ ಅಕ್ಕಯಮ್ಮನದು. ತಿಗಣೆಗೆ ಔಷಧಿ ಹೊಡೆಯುವಂತಿರಲಿಲ್ಲ. ಆ ಎಲೆ ತಿಂದರೆ ರೇಷ್ಮೆ ಹುಳುಗಳೂ ಉಳಿಯುವುದಿಲ್ಲ. ಅದಕ್ಕೇ ಅವರು ಕಡಜ ಬಿಡಲು ಒಪ್ಪಿದ್ದು. ಆದರೂ ಕಡಜ ಎಂದ ಮೇಲೆ ಹೆದರಿಕೆ ಬಿಟ್ಟೀತೆ? ತಲೆಯಿಂದ ಕಾಲಿನವರೆಗೆ ಕಂಬಳಿ ಸುತ್ತಿಕೊಂಡು ಬದುವಿನ ಮೇಲೆ ನಿಂತಿದ್ದರು. ಕೀರ್ತನ ಸೀಸೆಗಳ ಮುಚ್ಚಳ ತೆಗೆಯುತ್ತ ಸಾಲಿನುದ್ದಕ್ಕೂ ನಡೆದಳು.

"ಬಿಟ್ಯೇನವ್ವಾ?"

"ಬಿಟ್ಟಾಯ್ತಜ್ಜೀ. ಎಲ್ಲಾ ಹಾರ್ಹೋದ್ವು."

"ನನ್ ಕಣ್ಗೇನೂ ಕಾಣ್ಲಿಲ್ವಲ್ಲ!"

"ಸಾಸಿವೆಗಿಂತ ಚಿಕ್ಕವು. ಕಚ್ಚೋದೂ ಇಲ್ಲ."

"ಅಯ್ಯೋ ನಿನ್ನ! ಮೊದ್ಲೇ ಹೇಳ್ಬಾರ್ದಾ? ಕಂಬ್ಳಿ ಒಳ್ಗೆ ಬೆಂದೋದೆ!"

ಹೋಲಿಸಿ ನೋಡಲು ಕಡಜ ಬಿಡದ ತೋಟವೂ ಒಂದು ಬೇಕಿತ್ತು. ಒಂದು ಕಿಲೋಮೀಟರ್ ಆಚೆ, ಕೆರೆಯ ಮಗ್ಗುಲಲ್ಲಿದ್ದ ಬೈರಣ್ಣನ ತೋಟವನ್ನು ಅವಳು ಅದಕ್ಕೇ ಆರಿಸಿದ್ದಳು. ಬೈರಣ್ಣನಿಗೆ ಅದು ಹಿಡಿಸಲಿಲ್ಲ.

"ನಮ್ ತೋಟ ಏನ್ ತಪ್ಪು ಮಾಡಿತ್ತು ಮೇಡಂ? ಅವ್ರಿಗೆ ಐನೂರು, ನಮ್ಗೆ ಸೊನ್ನೆ!"

ಎರಡು ತಿಂಗಳಾದ ಮೇಲೆ ಎಣಿಸುವ ದಿನ ಬಂತು. ಅಕ್ಕಯಮ್ಮನ ತೋಟದಲ್ಲಿ ಕೀರ್ತನ ಕುಕ್ಕರುಗಾಲಲ್ಲಿ ಕೂತು ಎಲೆ ತಿರುವಿ ಮಸೂರ ಹಿಡಿದಳು. ತಿಗಣೆಗಳು ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದವು. ಬೆನ್ನ ಮೇಲೆ ಗುಂಡನೆಯ ತೂತು. ನೂರರಲ್ಲಿ ಎಂಬತ್ತೇಳು! ಮತ್ತೆ ಎಣಿಸಿದಳು. ಎಂಬತ್ತೇಳೇ. ಅವಳು ಕಿರುಚಿದ ರಭಸಕ್ಕೆ ಅಕ್ಕಯಮ್ಮ ದೊಣ್ಣೆ ಹಿಡಿದು ಓಡಿಬಂದರು.

"ಹಾವಾ? ಎಲ್ಲಿ?"

"ತೂತು ಅಜ್ಜೀ, ತೂತು!"

ಅಕ್ಕಯಮ್ಮ ಮಸೂರಕ್ಕೆ ಕಣ್ಣಿಟ್ಟರು. ಅದೇ ಹೊತ್ತಿಗೆ ಒಂದು ಕಡಜ ತೂತಿನಿಂದ ತಲೆ ಹೊರಹಾಕುತ್ತಿತ್ತು. "ಬಾರೋ ಕಂದಾ... ಮೆತ್ಗೆ, ಮೆತ್ಗೆ..." ಎಂದು ಹೆರಿಗೆ ಮಾಡಿಸುವವರ ಹಾಗೆ ಅದನ್ನು ಕರೆಯತೊಡಗಿದರು.

ಕೀರ್ತನ ಓಡುನಡಿಗೆಯಲ್ಲಿ ಬೈರಣ್ಣನ ತೋಟಕ್ಕೆ ಹೋದಳು. ಅಲ್ಲಿ ಒಂದು ತೂತೂ ಇರಬಾರದು. ಮೊದಲ ಎಲೆ ತಿರುವಿದಳು: ತೂತು. ಎರಡನೆಯದು: ತೂತು. ಅಲ್ಲಿಂದಲೇ ಮಾರ್ಗದರ್ಶಕ ವೇಣುಗೋಪಾಲ್ ಅವರಿಗೆ ಫೋನು ಮಾಡಿದಳು.

"ಸಾರ್, ಹೋಲಿಕೆಯ ತೋಟ ಕೆಟ್ಟೋಯ್ತು. ಇಲ್ಲೂ ಬಂದ್ಬಿಟ್ಟಿವೆ."

ಮೂರು ವರ್ಷದಲ್ಲಿ ಒಮ್ಮೆಯೂ ನಕ್ಕಿರದ ವೇಣುಗೋಪಾಲ್ ಬಿದ್ದು ಬಿದ್ದು ನಗತೊಡಗಿದರು. "ಒಂದ್ ಕಿಲೋಮೀಟರಾ? ತಾವಾಗೇ ಹಾರ್ಕೊಂಡ್ ಬಂದ್ವಾ? ಅಲ್ಲಮ್ಮಾ, ಬದುಕ್ತಾವಾ ಅಂತ ನೀನು ಕೇಳಿದ್ರೆ, ಅವು ಸಂಸಾರ ಹೂಡಿ ಊರನ್ನೇ ಹಿಡ್ಕೊಂಡಿವೆ!"

ವಿಷಯ ತಿಳಿದ ಬೈರಣ್ಣ ಎದೆಯುಬ್ಬಿಸಿದ. "ಕರೀದೇನೇ ಬಂದ್ವಾ ನಮ್ ತೋಟಕ್ಕೆ?" ಎಂದವನೇ ಮಚ್ಚು ತಂದು ಎಳನೀರು ಕೆತ್ತಿದ.

ಇನ್ನೊಂದು ತೋಟ ಹುಡುಕಬೇಕು, ಎಲ್ಲ ಮೊದಲಿನಿಂದ ಎಣಿಸಬೇಕು. ಗೊತ್ತಿದ್ದೂ ಕೀರ್ತನಳಿಗೆ ನಗು ತಡೆಯಲಾಗಲಿಲ್ಲ. ಕುಡಿದ ಎಳನೀರಿನಲ್ಲಿ ಅರ್ಧ ಮೂಗಿಗೇರಿತು.