ಕೈಯೂರದೆ ಏಳುವುದು

ಬೀದಿಯವರೆಲ್ಲ ಅವಳನ್ನು ದೊಡ್ಡಕ್ಕ ಎಂದು ಕರೆಯುತ್ತಿದ್ದರು. ಮನೆಗೆ ಹಿರಿಯ ಮಗಳು ಎಂಬುದು ಒಂದು ಕಾರಣ. ನೂರಾ ಹದಿನೆಂಟು ಕಿಲೋ ತೂಗುತ್ತಿದ್ದಳು ಎಂಬುದು ಇನ್ನೊಂದು. ಯಾರು ಯಾವ ಅರ್ಥದಲ್ಲಿ ಕರೆಯುತ್ತಾರೆಂದು ಅವಳು ಕೆದಕಲು ಹೋಗುತ್ತಿರಲಿಲ್ಲ.

ಅಪ್ಪ ಬಿಟ್ಟುಹೋದ ಸೋಫಾ ರಿಪೇರಿ ಅಂಗಡಿಯನ್ನು ಅವಳೂ ತಮ್ಮನೂ ನಡೆಸುತ್ತಿದ್ದರು. ಬಟ್ಟೆ ಅಳೆದು, ಕತ್ತರಿಸಿ, ಹೊಲಿಯುವುದು ತಮ್ಮನ ಪಾಲು. ಹಳೆಯ ಬಟ್ಟೆ ಕಿತ್ತು, ಸ್ಪ್ರಿಂಗು ಕಟ್ಟಿ, ಫೋಮ್ ಕೂರಿಸಿ, ಹೊಸ ಬಟ್ಟೆಯನ್ನು ಎಳೆದು ಚೌಕಟ್ಟಿಗೆ ಪಿನ್ನು ಹೊಡೆಯುವುದು ಅವಳದು. ಈ ಕಸುಬಿನ ಜೀವವಿರುವುದೇ ಎಳೆಯುವುದರಲ್ಲಿ. ಒಂದು ಕೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದು, ಅದು ಸಡಿಲವಾಗುವ ಮೊದಲೇ ಇನ್ನೊಂದು ಕೈಯಲ್ಲಿ ಪಿನ್ನು ಹೊಡೆಯಬೇಕು. ಎಳೆತ ಒಂದು ಕೂದಲೆಳೆ ಕಡಿಮೆಯಾದರೂ ಎರಡು ತಿಂಗಳಲ್ಲಿ ಸೀಟು ಸುಕ್ಕುಗಟ್ಟುತ್ತದೆ. ದೊಡ್ಡಕ್ಕ ಎಳೆದ ಬಟ್ಟೆಯ ಮೇಲೆ ಬೆರಳು ಬಡಿದರೆ ಡೋಲಿನ ಸದ್ದು ಬರುತ್ತಿತ್ತು.

ಆದರೆ ಮಂಡಿಗಳು ಕೈಕೊಟ್ಟವು. ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಅಂಗಡಿಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ನಲವತ್ತಾರನೆಯ ವಯಸ್ಸಿನಲ್ಲಿ ಅವಳು ಹೊಟ್ಟೆ ಚಿಕ್ಕದು ಮಾಡಿಸುವ ಆಪರೇಷನ್‌ಗೆ ಒಪ್ಪಿಕೊಂಡಳು. ಅಮ್ಮ ಮಾತ್ರ ಕೊನೆಯ ದಿನದವರೆಗೂ ಒಪ್ಪಲಿಲ್ಲ.

“ಚೆನ್ನಾಗಿರೋ ಹೊಟ್ಟೇನ ಕತ್ತರಿಸೋಕೆ ಅದೇನು ಬಟ್ಟೆ ಥಾನಾ?” ಎಂದು ಗೊಣಗುತ್ತಲೇ ಆಸ್ಪತ್ರೆಗೆ ಹೊರಟು ನಿಂತಿದ್ದಳು.

ಆಪರೇಷನ್ ಸಲೀಸಾಗಿ ಆಯಿತು. ಹತ್ತು ತಿಂಗಳಲ್ಲಿ ದೊಡ್ಡಕ್ಕ ಎಪ್ಪತ್ತೊಂಬತ್ತು ಕಿಲೋಗೆ ಇಳಿದಳು. ಸಕ್ಕರೆ ಹತೋಟಿಗೆ ಬಂತು, ಮಂಡಿನೋವು ಮಾಯವಾಯಿತು. ಎದುರಿನ ಔಷಧಿ ಅಂಗಡಿಯವನು ಒಂದು ದಿನ ಗುರುತೇ ಹಿಡಿಯದೆ “ಏನ್ಬೇಕು ಮೇಡಂ?” ಎಂದುಬಿಟ್ಟ. ತಮ್ಮ ಆವತ್ತಿನಿಂದ ಅವಳನ್ನು “ಸಣ್ಣಕ್ಕ” ಎಂದು ಕರೆಯತೊಡಗಿದ. ಪ್ರತಿ ಸೋಮವಾರ ಬೆಳಗ್ಗೆ ತೂಕದ ಯಂತ್ರದ ಮೇಲೆ ನಿಂತು ಮುಳ್ಳು ಹಿಂದಕ್ಕೆ ಸರಿದದ್ದನ್ನು ನೋಡುವುದಕ್ಕಿಂತ ದೊಡ್ಡ ಸುಖ ಅವಳಿಗೆ ಇನ್ನೊಂದಿರಲಿಲ್ಲ.

ಆಸ್ಪತ್ರೆಯಿಂದ ಹೊರಡುವಾಗ ಒಂದು ಚೀಟಿ ಕೊಟ್ಟಿದ್ದರು. ಪ್ರತಿ ಊಟದಲ್ಲೂ ಮೊದಲು ಪ್ರೋಟೀನ್ ತಿನ್ನಿ, ದಿನಾ ವ್ಯಾಯಾಮ ಮಾಡಿ, ತಪಾಸಣೆಗೆ ತಪ್ಪದೆ ಬನ್ನಿ ಎಂದು ಅದರಲ್ಲಿತ್ತು. ಪ್ರೋಟೀನ್ ಪುಡಿ ಸುಣ್ಣ ಕಲಸಿದ ಹಾಗಿತ್ತು. ಡಬ್ಬಿ ಅಟ್ಟ ಸೇರಿತು. ಮೊಟ್ಟೆ ಕಂಡರೆ ವಾಕರಿಕೆ. ಸೂಪು, ಎರಡು ಬಿಸ್ಕತ್ತು, ಒಂದು ಹಿಡಿ ಅನ್ನ, ಇಷ್ಟರಲ್ಲೇ ಹೊಟ್ಟೆ ತುಂಬುತ್ತಿತ್ತು. ಕಡಿಮೆ ತಿಂದಷ್ಟೂ ಮುಳ್ಳು ಬೇಗ ಇಳಿಯುವಾಗ ಚೀಟಿಯ ನೆನಪು ಯಾರಿಗಿರುತ್ತದೆ? ದಿನವಿಡೀ ಅಂಗಡಿಯಲ್ಲಿ ದುಡಿಯುವವಳಿಗೆ ಬೇರೆ ವ್ಯಾಯಾಮ ಯಾಕೆ ಎಂದುಕೊಂಡಳು. ಆರನೆಯ ತಿಂಗಳ ತಪಾಸಣೆಗೂ ಹೋಗಲಿಲ್ಲ.

ಮೊದಲು ಬಾಟಲಿಯ ಮುಚ್ಚಳ ತಿರುಗದಾಯಿತು. ಆಮೇಲೆ ಬಸ್ಸಿನ ಮೆಟ್ಟಿಲು ಹತ್ತಲು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಯಿತು. ಬಟ್ಟೆ ಎಳೆಯುವಾಗ ಬೆರಳುಗಳು ತಾವಾಗಿಯೇ ಬಿಟ್ಟುಕೊಳ್ಳುತ್ತಿದ್ದವು. ಹಿಂದೆ ಮೈಭಾರವನ್ನೆಲ್ಲ ಹಿಂದಕ್ಕೆ ವಾಲಿಸಿದರೆ ಬಟ್ಟೆ ತಾನಾಗಿ ಬಿಗಿಯುತ್ತಿತ್ತು. ಈಗ ಆ ಭಾರ ಇಲ್ಲವಲ್ಲ, ಅದಕ್ಕೇ ಇರಬೇಕು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ತಮ್ಮ ಕೇಳಿದಾಗ ದೂರು ಬಟ್ಟೆಯ ಮೇಲೆ ಹಾಕಿದಳು: “ಈಗಿನ ಬಟ್ಟೇಲಿ ಸತ್ವಾನೇ ಇಲ್ಲ ಕಣೋ.”

ಒಳಗಿದ್ದ ಭಯ ಬೇರೆಯದೇ. ಅಪ್ಪನಿಗೂ ಹೀಗೇ ಶುರುವಾಗಿತ್ತು. ಮೊದಲು ಕೈಯಿಂದ ಸುತ್ತಿಗೆ ಜಾರಿತು, ಆಮೇಲೆ ಚಮಚ. ನರದ ಕಾಯಿಲೆ ಎಂದರು. ಮೂರು ವರ್ಷದಲ್ಲಿ ಅಪ್ಪ ಮಂಚ ಹಿಡಿದು, ಅಲ್ಲಿಂದಲೇ ಹೋಗಿಬಿಟ್ಟ. ಸ್ನಾನದ ಮನೆಯಲ್ಲಿ ತನ್ನ ತೋಳನ್ನು ಹಿಡಿದು ನೋಡಿದಾಗಲೆಲ್ಲ ಅವಳಿಗೆ ಅಪ್ಪನ ತೋಳು ನೆನಪಾಗುತ್ತಿತ್ತು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹೇಳಿದರೆ ಅದು ನಿಜವೇ ಆಗಿಬಿಡುತ್ತದೇನೋ ಎಂಬ ದಿಗಿಲು.

ಹೀಗಿರುವಾಗ ಒಂದು ದಿನ ಸಂಗೀತದ ಮೇಷ್ಟ್ರು ತಮ್ಮ ಕುರ್ಚಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಮೂರು ತಿಂಗಳ ಹಿಂದೆ ಹೊಸ ಬಟ್ಟೆ ಹಾಕಿಸಿಕೊಂಡು ಹೋದದ್ದು. ಸೀಟಿನ ತುಂಬ ಸುಕ್ಕು, ಮುಂಭಾಗದಲ್ಲಿ ಬಟ್ಟೆ ಜೋತುಬಿದ್ದಿತ್ತು.

“ತಪ್ಪು ತಿಳ್ಕೋಬೇಡಿ, ನಾನೇ ಏನಾದ್ರೂ ಸರಿಯಾಗಿ ಕೂತಿಲ್ವೇನೋ” ಎಂದರು ಮೇಷ್ಟ್ರು, ತಾವೇ ತಪ್ಪು ಮಾಡಿದವರ ಹಾಗೆ.

ದೊಡ್ಡಕ್ಕನ ಮುಖ ಸುಟ್ಟಹಾಗಾಯಿತು. ಅವಳು ಎಳೆದ ಬಟ್ಟೆ ಹಿಂದಕ್ಕೆ ಬಂದದ್ದು ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ತಮ್ಮ ಒಂದು ಮಾತೂ ಆಡದೆ ಪಿನ್ನುಗಳನ್ನು ಕಿತ್ತು, ಮೇಷ್ಟ್ರು ಟೀ ಕುಡಿದು ಮುಗಿಸುವಷ್ಟರಲ್ಲಿ ತಾನೇ ಎಳೆದು ಹೊಡೆದು ಕಳಿಸಿಕೊಟ್ಟ. ಅವನು ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಆ ವಾರವೇ ಇನ್ನೊಂದು ನಡೆಯಿತು. ತಮ್ಮ ಒಂದು ಸೋಫಾ ತಲುಪಿಸಲು ಟೆಂಪೋದಲ್ಲಿ ಹೋಗಿದ್ದ. ದೊಡ್ಡಕ್ಕ ನೆಲದ ಮೇಲೆ ಕೂತು ಒಂದು ದಿವಾನದ ಅಡಿಭಾಗಕ್ಕೆ ಪಟ್ಟಿ ಹೊಡೆಯುತ್ತಿದ್ದಳು. ಕೆಲಸ ಮುಗಿಸಿ ಏಳಲು ಹೋದಳು, ಆಗಲಿಲ್ಲ. ಕೈಯೂರಿ ಪ್ರಯತ್ನಿಸಿದಳು; ತೊಡೆಗಳು ನಡುಗಿ ಮತ್ತೆ ಕುಕ್ಕರಿಸಿದಳು. ದಿವಾನದ ಕಾಲನ್ನು ಹಿಡಿದು ಎಳೆದರೆ ದಿವಾನವೇ ಅವಳ ಕಡೆಗೆ ಜಾರಿ ಬಂತು. ನಲವತ್ತು ಕಿಲೋ ಹಗುರವಾದ ಮೈಯನ್ನು ಎತ್ತಲು ತನ್ನ ಕಾಲಿಗೇ ಶಕ್ತಿಯಿಲ್ಲ!

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ಬಾಗಿಲಲ್ಲಿ ನಿಂತ. ದೊಡ್ಡಕ್ಕ ಪಿನ್ನಿನ ಗನ್ನು ಕೈಗೆತ್ತಿಕೊಂಡು ನೆಲದಿಂದಲೇ ಮಾತಾಡಿದಳು: “ಬನ್ನಿ ಬನ್ನಿ, ಎದ್ದರೆ ಪಟ್ಟಿ ಬಿಟ್ಟುಕೊಳ್ಳುತ್ತೆ, ಅದಕ್ಕೇ ಕೂತಿದೀನಿ.” ಅವನು ರೆಕ್ಸಿನ್ ಬಣ್ಣ ನೋಡಿ, ದರ ಕೇಳಿ, ಮಳೆ ಬಿಸಿಲಿನ ಮಾತಾಡಿ ಹೋಗುವವರೆಗೂ ಅವಳು ಹೊಡೆದ ಪಿನ್ನಿನ ಮೇಲೇ ಮತ್ತೆ ಪಿನ್ನು ಹೊಡೆಯುತ್ತಿದ್ದಳು.

ಮುಕ್ಕಾಲು ಗಂಟೆಯ ಮೇಲೆ ಅಮ್ಮ ಊಟದ ಡಬ್ಬಿ ಹಿಡಿದು ಬಂದಳು. ಮನೆ ಎರಡು ಬೀದಿ ಆಚೆ. ಎಪ್ಪತ್ತನಾಲ್ಕು ವರ್ಷದ ಅಮ್ಮ ಮಗಳ ಮುಖ ನೋಡಿದಳು, ಅವಳ ಕಡೆಗೆ ಓರೆಯಾಗಿ ಜಾರಿದ್ದ ದಿವಾನ ನೋಡಿದಳು. ಡಬ್ಬಿ ಕೆಳಗಿಟ್ಟು, ಮಗಳ ಹಿಂದೆ ನಿಂತು, ಕಂಕುಳಲ್ಲಿ ಕೈ ಕೊಟ್ಟು, “ಹೂಂ, ಏಳು” ಎಂದಳು. ಎಬ್ಬಿಸಿಯೂಬಿಟ್ಟಳು.

“ನಾಳೆ ಆಸ್ಪತ್ರೆಗೆ ಹೋಗೋಣ” ಎಂದಳು ಅಮ್ಮ.

“ಬೇಡಮ್ಮ.”

“ನಾನು ಕೇಳ್ತಿಲ್ಲ, ಹೇಳ್ತಿದೀನಿ.”

ಡಾಕ್ಟರು ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಕೈಕಾಲಿನ ನರಗಳನ್ನು ಯಂತ್ರ ಹಚ್ಚಿ ಪರೀಕ್ಷಿಸಿದರು, ರಕ್ತ ತೆಗೆಸಿದರು. ದೊಡ್ಡಕ್ಕ ಅಪ್ಪನ ವಿಷಯವನ್ನೂ ಹೇಳಿದಳು. ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾಲ್ಕು ದಿನ ಬಿಟ್ಟು ಬರಲು ಹೇಳಿದರು.

“ನರಗಳು ಗಟ್ಟಿಮುಟ್ಟಾಗಿವೆ. ನಿಮ್ಮಪ್ಪನ ಕಾಯಿಲೆ ನಿಮಗಿಲ್ಲ” ಎಂದರು ಡಾಕ್ಟರು, ಅವಳು ಕೂರುವ ಮೊದಲೇ.

ಅವಳು ಕೂತಳು. ಎದೆಯ ಮೇಲೆ ತಿಂಗಳುಗಟ್ಟಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಡಾಕ್ಟರು ಮುಂದೆ ಹೇಳಿದ ಎರಡು ಮೂರು ಮಾತು ಅವಳ ಕಿವಿಗೆ ಬೀಳಲೇ ಇಲ್ಲ. ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡು, “ಹಾಗಾದ್ರೆ ಇದೇನು ಮತ್ತೆ?” ಎಂದು ದಬಾಯಿಸಿದಳು.

ಉತ್ತರ ಕೊಟ್ಟಿದ್ದು ಪಕ್ಕದ ಕೋಣೆಯ ಫಿಸಿಯೋಥೆರಪಿಸ್ಟ್, ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದ, ಚಟಪಟ ಮಾತಿನ ಹುಡುಗಿ. ಕೈಯ ಬಲ ಅಳೆಯುವ, ಮುಳ್ಳಿದ್ದ ಒಂದು ಹಿಡಿಯನ್ನು ಕೈಗೆ ಕೊಟ್ಟು ಹಿಸುಕಲು ಹೇಳಿದಳು. ಮುಳ್ಳು ಹದಿಮೂರು ಕಿಲೋಗೆ ನಿಂತಿತು.

“ನಿಮ್ಮ ಕಸುಬಿನವರಿಗೆ ಇದರ ಎರಡರಷ್ಟಾದ್ರೂ ಇರ್ಬೇಕು. ಈಗ ಎರಡೂ ಕೈ ಎದೆ ಮೇಲಿಟ್ಕೊಳ್ಳಿ. ಅರ್ಧ ನಿಮಿಷದಲ್ಲಿ ಈ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರ್ತೀರಿ ನೋಡೋಣ.”

ದೊಡ್ಡಕ್ಕ ಆರು ಸಲ ಎದ್ದಳು. ಆರನೆಯದನ್ನು ಹುಡುಗಿ ದಾಕ್ಷಿಣ್ಯಕ್ಕೆ ಸೇರಿಸಿಕೊಂಡಳು.

“ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ಅಂತ ಗೊತ್ತಾಗಲ್ಲ ಅಕ್ಕ. ನೀವು ಕಳ್ಕೊಂಡಿದ್ದರಲ್ಲಿ ಎರಡೂ ಇದೆ. ಸರಿಯಾಗಿ ತಿನ್ನಲಿಲ್ಲ, ಮೈ ತನ್ನ ಖಂಡಾನೇ ಕರಗಿಸಿಕೊಂಡು ತಿಂತು. ಅಷ್ಟೇ ವಿಷಯ.”

“ಮತ್ತೆ ಬರುತ್ತಾ?”

“ಯಾಕೆ ಬರಲ್ಲ? ಅದಕ್ಕೆ ಊಟ ಕೊಡಿ, ಕೆಲಸ ಕೊಡಿ. ನಿಧಾನ ಆಗುತ್ತೆ, ಆದ್ರೆ ಬರುತ್ತೆ.”

ಮೂಲೆಯಲ್ಲಿ ಕೂತಿದ್ದ ಅಮ್ಮ ಚಪ್ಪಲಿ ಬಿಟ್ಟು ಮುಂದೆ ಬಂದಳು. “ಎಲ್ಲಿ, ನಾನೂ ಒಂದು ಕೈ ನೋಡ್ತೀನಿ” ಎಂದು ಕುರ್ಚಿಯಲ್ಲಿ ಕೂತು, ಸೆರಗು ಸಿಕ್ಕಿಸಿ, ಹನ್ನೊಂದು ಸಲ ಎದ್ದು ಕೂತಳು. ಹುಡುಗಿ ಚಪ್ಪಾಳೆ ತಟ್ಟಿದಳು. ದೊಡ್ಡಕ್ಕನಿಗೆ ನಗು ಉಕ್ಕಿತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು.

ಮನೆಗೆ ಬರುವಾಗ ಬಸ್ಸಿನಲ್ಲಿ ಅಮ್ಮ ಮೆಲ್ಲಗೆ ಹೇಳಿದಳು: “ಅಂಗಡಿಗೆ ದಿನಾ ಡಬ್ಬಿ ತರ್ತಿದ್ನಲ್ಲ, ಊಟಕ್ಕೋಸ್ಕರ ಅಂದ್ಕೊಂಡ್ಯಾ? ನಿನ್ನ ಕೈ ನೋಡೋಕೆ ಬರ್ತಿದ್ದೆ. ಐದು ತಿಂಗಳಿಂದ ನೋಡ್ತಿದೀನಿ.”

“ಹೇಳ್ಬಾರ್ದಿತ್ತಾ?”

“ನೀನು ಹೇಳಿದ್ಯಾ?”

ಸ್ವಲ್ಪ ದೂರ ಹೋದ ಮೇಲೆ ಅಮ್ಮ ಮಗಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಇಳಿಯುವವರೆಗೂ ಬಿಡಲಿಲ್ಲ.

ಮಾರನೆಯ ದಿನದಿಂದ ಅಮ್ಮನ ದರ್ಬಾರು ಶುರುವಾಯಿತು. ಡಬ್ಬಿಯಲ್ಲಿ ಮೊದಲು ಮೊಟ್ಟೆ ಇಲ್ಲವೇ ಮೀನು, ಗಟ್ಟಿ ಬೇಳೆ, ಮೊಸರು. ಅನ್ನ ಕೊನೆಗೆ, ಜಾಗ ಉಳಿದರೆ. ಪುಟ್ಟ ಹೊಟ್ಟೆಗೆ ಒಂದೇ ಸಲ ಹಿಡಿಯದೆಂದು ದಿನಕ್ಕೆ ಐದು ಸಲ. ಅಟ್ಟದ ಡಬ್ಬಿಯ ಪುಡಿಯ ಅವಧಿ ಮುಗಿದಿತ್ತು. ಹೊಸದು ತಂದು ತಣ್ಣನೆಯ ಕಾಫಿಯಲ್ಲಿ ಕಲಸಿದರೆ ಗಂಟಲಲ್ಲಿ ಇಳಿಯುತ್ತದೆಂದು ತಮ್ಮ ಕಂಡುಹಿಡಿದ.

ವ್ಯಾಯಾಮಕ್ಕೆ ಬೇಕಾದದ್ದೆಲ್ಲ ಅಂಗಡಿಯಲ್ಲೇ ಇತ್ತು. ರಿಪೇರಿಗೆ ಬಂದ ಕುರ್ಚಿಗಳನ್ನು ಎತ್ತರದ ಪ್ರಕಾರ ತಮ್ಮ ಸಾಲಾಗಿ ಇಡುತ್ತಿದ್ದ. ಮೊದಲು ಎತ್ತರದ ಊಟದ ಕುರ್ಚಿ, ಆಮೇಲೆ ಆರಾಮ ಕುರ್ಚಿ, ಕೊನೆಯಲ್ಲಿ ಕಾಲಿಡುವ ಗಿಡ್ಡ ಸ್ಟೂಲು. ದಿನ ಬಿಟ್ಟು ದಿನ ಹತ್ತು ಸಲ ಎದ್ದು ಕೂತು, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹತ್ತು ಸಲ. ಬಾಗಿಲ ಹಿಡಿಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುವುದು. ಗೋಡೆಗೆ ಕೈಯೂರಿ ತಳ್ಳುವುದು. ಅಮ್ಮ ಎದುರು ಕೂತು ಎಣಿಸುತ್ತಿದ್ದಳು. ಮಗಳು ಅರ್ಧಕ್ಕೆ ಎದ್ದರೆ “ಇದು ಲೆಕ್ಕಕ್ಕಿಲ್ಲ” ಎಂದು ಅದೇ ಅಂಕಿಯನ್ನು ಮತ್ತೆ ಹೇಳುತ್ತಿದ್ದಳು.

ಆರನೆಯ ವಾರ ತೂಕದ ಮುಳ್ಳು ಒಂದೂವರೆ ಕಿಲೋ ಮುಂದಕ್ಕೆ ಹೋಯಿತು. ದೊಡ್ಡಕ್ಕನ ಜೀವ ಹಾರಿಹೋಯಿತು. ಕಷ್ಟಪಟ್ಟು ಇಳಿಸಿದ್ದೆಲ್ಲ ವಾಪಸ್ ಬರುತ್ತಿದೆ ಎಂದು ಅವತ್ತು ಮೊಟ್ಟೆಯನ್ನು ಹಾಗೇ ವಾಪಸ್ಸು ಕಳಿಸಿದಳು. ಸಂಜೆ ಫಿಸಿಯೋ ಹುಡುಗಿಗೆ ಫೋನು ಮಾಡಿ ಗೋಳಾಡಿದಳು.

“ನಿಮ್ಮ ರವಿಕೆ ಬಿಗಿಯಾಗಿದ್ಯಾ ಅಕ್ಕ?”

“ಸೊಂಟದ ಹತ್ರ ಸಡಿಲಾನೇ ಇದೆ. ತೋಳು ಬಿಗಿಯಾಗಿದೆ.”

“ಅದೇ ನಿಮ್ಮ ಒಂದೂವರೆ ಕಿಲೋ. ತೋಳಿಗೆ ಬಂದು ಕೂತಿದೆ. ಓಡಿಸಬೇಡಿ ಅದನ್ನ.”

ಮರುದಿನ ನೋಡಿದರೆ ತೂಕದ ಯಂತ್ರ ಕಾಣೆಯಾಗಿತ್ತು. ಕೇಳಿದರೆ ಅಮ್ಮ, “ರಿಪೇರಿಗೆ ಕೊಟ್ಟಿದೀನಿ” ಎಂದಳು. ಅದು ಅಮ್ಮನ ಮಂಚದ ಕೆಳಗಿದ್ದದ್ದನ್ನು ದೊಡ್ಡಕ್ಕ ಕಂಡಳು, ಕಂಡೂ ಅಲ್ಲೇ ಬಿಟ್ಟಳು.

ಎಲ್ಲವೂ ಏರುತ್ತಲೇ ಹೋಯಿತೆಂದಲ್ಲ. ಜ್ವರ ಬಂದು ಎರಡು ವಾರ ತಪ್ಪಿತು. ಭುಜ ಹಿಡಿದುಕೊಂಡಿತು. ಸ್ಟೂಲಿನಿಂದ ಏಳಲು ಮೂರು ತಿಂಗಳು ಹಿಡಿಯಿತು. ಆದರೂ ನಾಲ್ಕನೆಯ ತಿಂಗಳ ತಪಾಸಣೆಯಲ್ಲಿ ಹಿಡಿಯ ಮುಳ್ಳು ಇಪ್ಪತ್ತೆರಡು ತೋರಿಸಿತು; ಕುರ್ಚಿಯಿಂದ ಹದಿನಾಲ್ಕು ಸಲ ಎದ್ದಳು. ಅಮ್ಮನೂ ಬಿಡದೆ ಕೂತು ಹನ್ನೆರಡು ಮಾಡಿ, “ಇವತ್ತು ಕಾಲು ಸ್ವಲ್ಪ ನೋಯ್ತಿತ್ತು” ಎಂದು ಸಮಜಾಯಿಷಿ ಕೊಟ್ಟಳು. ಅಂಗಡಿಯಲ್ಲಿ ಎಳೆಯುವ ಕೆಲಸ ಮತ್ತೆ ದೊಡ್ಡಕ್ಕನ ಕೈಗೆ ಬಂತು. ಮೈಭಾರ ವಾಲಿಸುವ ಹಳೆಯ ಉಪಾಯ ಈಗ ನಡೆಯುತ್ತಿರಲಿಲ್ಲ. ಕಾಲು ಗಟ್ಟಿಯಾಗಿ ಊರಿ, ಬೆನ್ನಿನಿಂದ ಎಳೆಯುವುದನ್ನು ಹೊಸದಾಗಿ ಕಲಿತಳು.

ಮುಂದಿನ ಬೇಸಿಗೆಯಲ್ಲಿ ಒಬ್ಬ ವಕೀಲರ ಮನೆಗೆ ದೊಡ್ಡದೊಂದು ಆರಾಮ ಕುರ್ಚಿ ತಲುಪಿಸಬೇಕಿತ್ತು. ನಾಲ್ಕನೆಯ ಮಹಡಿ. ಲಿಫ್ಟಿನ ಬಾಗಿಲಿಗೆ ‘ಕೆಟ್ಟಿದೆ’ ಎಂಬ ಚೀಟಿ. ಟೆಂಪೋ ಚಾಲಕ ಸೊಂಟ ನೋವೆಂದು ಸೀಟಿನಿಂದ ಇಳಿಯಲೇ ಇಲ್ಲ.

“ನಾನು ಕೆಳಗಿನ ಕಡೆ ಹಿಡೀತೀನಿ, ಭಾರ ಅಲ್ಲೇ ಜಾಸ್ತಿ” ಎಂದಳು ದೊಡ್ಡಕ್ಕ. ತಮ್ಮ ಮೇಲಿನ ಕಡೆಗೆ ಹೋಗಿ ಹಿಡಿದ.

ಮೊದಲ ಮಹಡಿ, ಎರಡನೆಯದು. ತಿರುವಿನಲ್ಲಿ ಗೋಡೆಗೆ ತಗುಲದಂತೆ ಕುರ್ಚಿಯನ್ನು ಓರೆ ಮಾಡಿ ದಾಟಿಸಿದರು. ಮೂರನೆಯ ಮಹಡಿ ಮುಟ್ಟುತ್ತಿದ್ದಂತೆ ತಮ್ಮ “ಇಳಿಸು, ಇಳಿಸು” ಎಂದು ಕೂಗಿ, ಕುರ್ಚಿ ಕೆಳಗಿಟ್ಟ ತಕ್ಷಣ ಅದರಲ್ಲೇ ಕುಸಿದ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

“ಒಂದೈದು ನಿಮಿಷ ಕೊಡೇ ದೊಡ್ಡಕ್ಕ.”

ಸಣ್ಣಕ್ಕ ಎನ್ನುವುದನ್ನು ಅವನು ಯಾವಾಗ ಬಿಟ್ಟನೋ ಅವಳಿಗೆ ನೆನಪಿರಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಅವಳಿಗೂ ಏದುಸಿರು ಹತ್ತಿತ್ತು, ತೊಡೆಗಳು ಬಿಸಿಯಾಗಿದ್ದವು, ಆದರೆ ನಡುಗುತ್ತಿರಲಿಲ್ಲ. ಕಿಟಕಿಯಿಂದ ಗಾಳಿ ಬೀಸಿ ಕತ್ತಿನ ಬೆವರಿಗೆ ತಗುಲಿತು. ಯಾರದೋ ಮನೆಯ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಬರುತ್ತಿತ್ತು. ಅವಳು ಕಣ್ಣು ಮುಚ್ಚಿ ಎರಡು ಓವರು ಕೇಳಿದಳು.

“ಆಯ್ತೇನೋ?” ಎಂದಳು.

“ಇನ್ನೆರಡು ನಿಮಿಷ.”

“ತಗೋ, ಯಾರು ಬೇಡ ಅಂದ್ರು” ಎಂದು ದೊಡ್ಡಕ್ಕ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಳು.