ಬಂಧ ಅಂದರೆ ಪಂಜಲ್ಲ

ಹನ್ನೊಂದನೇ ತರಗತಿಗೆ ಸೈನ್ಸ್ ಗ್ರೂಪ್ ಬೇಕು ಎಂದು ನಾನು ಕೇಳಿದ್ದೇ ತಪ್ಪು ಎಂಬಂತೆ ಸುಬ್ರಮಣಿ ಮೇಷ್ಟ್ರು ಅಮ್ಮನ ಕಡೆ ನೋಡಿದರು. ತಮಿಳುನಾಡಿನ ಹೊಸೂರಿನ ಆ ಶಾಲೆಯಲ್ಲಿ ಕೆಮಿಸ್ಟ್ರಿ ಪಾಠ ಮಾಡುವವರೂ ಅವರೇ, ಯಾರಿಗೆ ಯಾವ ಗ್ರೂಪ್ ಎಂದು ತೀರ್ಮಾನಿಸುವವರೂ ಅವರೇ. ನನ್ನ ಮಾರ್ಕುಗಳಲ್ಲಿ ಅವರಿಗೆ ಕೊರತೆ ಕಾಣಲಿಲ್ಲ. ಕಂಡದ್ದು ಹತ್ತರವರೆಗೆ ನಾನು ಕನ್ನಡ ಮೀಡಿಯಂನಲ್ಲಿ ಓದಿದ್ದರಲ್ಲಿ.

"ಈ ಮಕ್ಕಳು ಕೆಮಿಸ್ಟ್ರಿಯಲ್ಲಿ ಒದ್ದಾಡ್ತಾರಮ್ಮ. ಕಾಮರ್ಸ್ ತಗೊಳ್ಳಲಿ," ಎಂದರು ತಮಿಳಿನಲ್ಲಿ. ಅಮ್ಮ ತಲೆಯಾಡಿಸಿಬಿಟ್ಟಳು. ಮೇಷ್ಟ್ರುಗಳು ಏನು ಹೇಳಿದರೂ ತಲೆಯಾಡಿಸುವುದು ಅವಳ ಅಭ್ಯಾಸ. ನನಗೆ ಮೈಯೆಲ್ಲ ಉರಿಯಿತು.

"ಒದ್ದಾಡ್ತೀನೋ ಇಲ್ವೋ, ಕೇಳಿ ನೋಡಿ ಸಾರ್," ಎಂದೆ.

"ಹೈಡ್ರೋಜನ್ ಪರಮಾಣು ಒಂಟಿಯಾಗಿ ಯಾಕಿರಲ್ಲ?"

ನನಗೆ ಚೆನ್ನಾಗಿ ಗೊತ್ತಿದ್ದ ಪ್ರಶ್ನೆ. ತಮಿಳಿನಲ್ಲೇ ಹೇಳಿಬಿಡೋಣ ಎಂಬ ಹುಮ್ಮಸ್ಸಿನಲ್ಲಿ, ಎರಡು ಪರಮಾಣುಗಳ ನಡುವೆ ‘ಪಂದಂ’ ಇರುತ್ತದೆ ಎಂದೆ. ನಮ್ಮ ಪುಸ್ತಕದ ‘ಬಂಧ’ಕ್ಕೆ ತಮಿಳಿನ ಬಾಲ ಅಂಟಿಸಿದ್ದೆ, ಅಷ್ಟೆ. ತಮಿಳಿನಲ್ಲಿ ಪಂದಂ ಎಂದರೆ ಉರಿಯುವ ಪಂಜು ಕೂಡ ಹೌದು. ಅವರ ಪುಸ್ತಕದಲ್ಲಿ ಬಂಧಕ್ಕೆ ‘ಪಿಣೈಪ್ಪು’ ಅನ್ನುತ್ತಾರೆ ಎಂದು ನನಗೆ ಯಾರು ಹೇಳಿದ್ದರು?

"ಪಂಜಾ? ಆನೆ ಕಾಟದ ಸಾನಮಾವು ಕಾಡಿನ ಕಡೆಯವಳಾ ನೀನು? ಪರಮಾಣುಗಳೂ ಆನೆ ಓಡಿಸೋಕೆ ಹೊರಟಿದಾವಾ?"

ಸರದಿಗಾಗಿ ಕಾದಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಮ್ಮ ನನ್ನ ವೇಲು ಜಗ್ಗಿದಳು. "ಹೋಗಾನ ಬಾರೇ."

"ನಾನ್ ಬರಲ್ಲ ಕಣಮ್ಮಾ."

ಬೋರ್ಡಿನ ಬಳಿ ಹೋಗಿ ಚಾಕ್‌ಪೀಸ್ ತೆಗೆದುಕೊಂಡೆ. ಎರಡು ಹೆಚ್ ಬರೆದು ನಡುವೆ ಎರಡು ಚುಕ್ಕಿ ಇಟ್ಟೆ. ಈ ಸಲ ಮನೆಮಾತಿನಲ್ಲೇ ಹೇಳಿದೆ. ಹೊಸೂರಲ್ಲೇ ಹುಟ್ಟಿ ಬೆಳೆದ ಮೇಷ್ಟ್ರಿಗೆ ಕನ್ನಡ ಅರ್ಥವಾಗುವುದಿಲ್ಲ ಎಂದರೆ ನಾನು ನಂಬುವವಳಲ್ಲ.

"ನಮ್ಮನೇಲಿ ಒಂದೇ ಎತ್ತೈತೆ ಸಾರ್. ಪಕ್ಕದ್ ಹೊಲದ ದೊಡ್ಡಣ್ಣನ ಮನೇಲೂ ಒಂದೇ. ಒಂಟೆತ್ತಲ್ಲಿ ಉಳಾಕಾಗಲ್ಲ. ಅದ್ಕೆ ಎರಡ್ನೂ ಒಂದೇ ನೊಗಕ್ಕೆ ಕಟ್ತೀವಿ. ನಮ್ಮಪ್ಪನ್ನ ಕೇಳಿ, ನಮಗೊಂದ್ ಜೊತೆ ಎತ್ತೈತೆ ಅಂತಾನೆ. ದೊಡ್ಡಣ್ಣನೂ ಅಂಗೇ ಅಂತಾನೆ. ಇಬ್ರೂ ಸುಳ್ಳಾಡ್ತಿಲ್ಲ. ಈ ಚುಕ್ಕಿ ಎಲೆಕ್ಟ್ರಾನು. ಇದರದ್ದೊಂದು, ಅದರದ್ದೊಂದು. ಜೊತೆ ಮಾತ್ರ ಇಬ್ರದೂ. ಒಬ್ರು ಬಿಚ್ಕೊಂಡೋದ್ರೆ ಇಬ್ರ ಉಳುಮೇನೂ ನಿಂತೋಯ್ತದೆ."

"ಉಪ್ಪು?" ಮೇಷ್ಟ್ರ ಮುಖದಲ್ಲಿ ಈಗ ನಗು ಇರಲಿಲ್ಲ.

"ಅಲ್ಲಿ ಹಂಚ್ಕೊಳ್ಳೋದಿಲ್ಲ ಸಾರ್. ಸೋಡಿಯಂ ಕೊಟ್ಟೇಬಿಡ್ತದೆ, ಕ್ಲೋರಿನ್ ಇಸ್ಕೊಂತದೆ. ಕೊಟ್ಟಿದ್ದು ಪ್ಲಸ್, ಇಸ್ಕೊಂಡಿದ್ದು ಮೈನಸ್. ಅದ್ಕೇ ಒಂದನ್ನೊಂದು ಎಳ್ಕೊಂತವೆ."

ಮೇಷ್ಟ್ರು ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ತಳ್ಳಿದರು. "ಮೊದಲ ಪರೀಕ್ಷೆಯಲ್ಲಿ ಫೇಲಾದರೆ ಕಾಮರ್ಸಿಗೆ ಹೋಗ್ತೀನಿ ಅಂತ ಬರೆದುಕೊಡು. ಸೀಟು ಕೊಡ್ತೀನಿ."

ಪೆನ್ನು ಎತ್ತಿಕೊಂಡೆ. ಬರೆದರೆ ಸೀಟು ನನ್ನದು. ಬಾಗಿಲ ಬಳಿ ನನ್ನ ಹಳೆಯ ಕನ್ನಡ ಶಾಲೆಯ ಮುನೀಶ್ ಸರದಿಗಾಗಿ ನಿಂತಿದ್ದ. ನಾನು ಬರೆದರೆ ಅವನೂ ಬರೆಯಬೇಕು, ಮುಂದಿನ ವರ್ಷ ಬರುವವರೂ ಬರೆಯಬೇಕು. ಪೆನ್ನು ಕೆಳಗಿಟ್ಟೆ.

"ಬೇರೆ ಮೀಡಿಯಂ ಮಕ್ಕಳತ್ರಾನೂ ಇಂಗೇ ಬರೆಸ್ಕೊಂಡ್ರಾ ಸಾರ್?"

ಮೇಷ್ಟ್ರು ಹಾಳೆಯನ್ನು ಇನ್ನೂ ಮುಂದಕ್ಕೆ ತಳ್ಳಿದರು. ಅಮ್ಮ ಮತ್ತೆ ವೇಲು ಜಗ್ಗುತ್ತಾಳೆ ಎಂದುಕೊಂಡೆ. ಅವಳು ಕುರ್ಚಿ ಎಳೆದು ಮೇಷ್ಟ್ರ ಎದುರಿಗೇ ಕೂತಳು. ಎತ್ತು, ನೊಗದ ಮಾತು ಕೇಳಿದ್ದರಿಂದ ಬೋರ್ಡಿನ ಮೇಲೆ ಏನಿದೆ ಎಂದು ಈ ಸಲ ಅವಳಿಗೂ ತಿಳಿದಿತ್ತು.

"ಬರ್ಕೊಡಬ್ಯಾಡ ಕಣೇ," ಎಂದಳು. "ಸೀಟು ಕೊಡೋಗಂಟ ನಾನಿಲ್ಲೇ ಕುಂತಿರ್ತೀನಿ."

ಮೇಷ್ಟ್ರು ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು ಅಡ್ಮಿಷನ್ ಪುಸ್ತಕ ತೆರೆದರು. ಅಲ್ಲಿಯವರೆಗೂ ಕೇಳದ ಪ್ರಶ್ನೆಯನ್ನು ಕೇಳಿದರು, ಅದೂ ಕನ್ನಡದಲ್ಲಿ. "ಹೆಸರೇನಮ್ಮ?"

"ದಿವ್ಯ. ಕನ್ನಡ ಮೀಡಿಯಂ. ಅದನ್ನೂ ಬರೀರಿ ಸಾರ್."